ಪ್ರಿಂಟರ್ ಆಮೆಗತಿಯೇ? ಡ್ರೈವರ್ ಕೀಳುವ ಮುಂಚೆ ತಡ ಎಲ್ಲಾಗುತ್ತಿದೆ ನೋಡಿ

ಒಂದೇ ಒಂದು ಪುಟದ ಪಹಣಿ. ಪ್ರಿಂಟ್ ಕೊಟ್ಟು ಮೂರು ನಿಮಿಷವಾದರೂ ಕಾಗದ ಅಲುಗಾಡಿಲ್ಲ. ಬೇಸತ್ತು ಇನ್ನೊಮ್ಮೆ ಒತ್ತುತ್ತೇವೆ. ಆಮೇಲೆ ಎರಡು ಪ್ರತಿ ಬರುತ್ತವೆ, ಅದೂ ಒಂದೊಂದು ಗೆರೆ ಎಳೆಯಲೂ ಯೋಚನೆ ಮಾಡಿದಂತೆ. ಮಾರನೆಯ ದಿನ ಯಾರೋ ಡ್ರೈವರ್ (ಕಂಪ್ಯೂಟರ್ ಪ್ರಿಂಟರಿನೊಂದಿಗೆ ಮಾತಾಡಲು ಬಳಸುವ ತಂತ್ರಾಂಶ) ಕಿತ್ತು ಮತ್ತೆ ಹಾಕಿ ಅನ್ನುತ್ತಾರೆ. ಅರ್ಧ ಗಂಟೆ ಹೋಗುತ್ತದೆ, ಪ್ರಿಂಟರ್ ಮಾತ್ರ ಹಾಗೇ ಇರುತ್ತದೆ.

ಡ್ರೈವರ್ ಕೀಳುವುದು ಕೊನೆಯ ಮದ್ದು. ಅದಕ್ಕೂ ಮುಂಚೆ ತಿಳಿಯಬೇಕಾದದ್ದು ತಡ ಎಲ್ಲಿ ಆಗುತ್ತಿದೆ ಎಂಬುದು. ನೀವು ಪ್ರಿಂಟ್ ಒತ್ತಿದ ಕ್ಷಣದಿಂದ ಕಾಗದ ಹೊರಬೀಳುವವರೆಗೆ ಕೆಲಸ ಮೂರು ಕಡೆ ನಡೆಯುತ್ತದೆ. ಕಂಪ್ಯೂಟರ್ ಪುಟವನ್ನು ಚುಕ್ಕೆಗಳಾಗಿ ಬಿಡಿಸುತ್ತದೆ. ಆ ಚುಕ್ಕೆಗಳು ಯುಎಸ್‌ಬಿ ವೈರಿನಲ್ಲೋ ವೈಫೈಯಲ್ಲೋ ಪ್ರಿಂಟರಿಗೆ ಸಾಗುತ್ತವೆ. ಪ್ರಿಂಟರ್ ಅವನ್ನು ಕಾಗದಕ್ಕೆ ಇಳಿಸುತ್ತದೆ. ಮೂರರಲ್ಲಿ ಒಂದು ಕಡೆ ಸಿಕ್ಕಿಕೊಂಡಿದೆ. ಯಾವ ಕಡೆ ಎಂದು ಗೊತ್ತಾದರೆ ಉಳಿದ ಎರಡು ಕಡೆ ಕೈ ಹಾಕುವ ಅಗತ್ಯವೇ ಇಲ್ಲ.

ಇಲ್ಲಿ ಹೇಳಿರುವ ಮೆನು ಹೆಸರುಗಳು ವಿಂಡೋಸ್ 10 ಮತ್ತು 11ರವು. ಪ್ರಿಂಟರ್ ಕಂಪನಿಗೆ ತಕ್ಕಂತೆ ಒಂದೆರಡು ಪದ ಆಚೀಚೆ ಇರಬಹುದು.

ಮೊದಲು ಮೊಬೈಲಿನ ಸ್ಟಾಪ್‌ವಾಚ್ ತೆಗೆಯಿರಿ

ಮೂರು ಪರೀಕ್ಷೆ ಸಾಕು, ಹತ್ತು ನಿಮಿಷದ ಕೆಲಸ.

ಒಂದು: ನಿಮ್ಮದು ಸ್ಕ್ಯಾನರ್ ಇರುವ ಆಲ್-ಇನ್-ಒನ್ ಆದರೆ ಯುಎಸ್‌ಬಿ ವೈರ್ ಕಳಚಿ, ಗಾಜಿನ ಮೇಲೆ ಅಕ್ಷರವಿರುವ ಒಂದು ಹಾಳೆ ಇಟ್ಟು ಕಪ್ಪು-ಬಿಳುಪು ಕಾಪಿ ತೆಗೆಯಿರಿ. ಇಲ್ಲಿ ಕಂಪ್ಯೂಟರಿಗೂ ವೈಫೈಗೂ ಪಾತ್ರವೇ ಇಲ್ಲ. ಕಾಪಿಯೂ ನಿಧಾನವಾದರೆ ತೊಂದರೆ ಪ್ರಿಂಟರಿನ ಒಡಲಲ್ಲೇ ಇದೆ. ಕಾಪಿ ಸರಾಗವಾಗಿ ಬಂದರೆ ಪ್ರಿಂಟರ್ ನಿರಪರಾಧಿ.

ಎರಡು: ನೋಟ್‌ಪ್ಯಾಡ್ ತೆರೆದು ಎರಡು ಸಾಲು ಬರೆದು ಪ್ರಿಂಟ್ ಕೊಡಿ. ಇದು ಬೇಗ ಬಂದು ನಿಮ್ಮ ಪಿಡಿಎಫ್ ಮಾತ್ರ ತಡವಾದರೆ ಆ ಫೈಲೇ ಭಾರ. ನೋಟ್‌ಪ್ಯಾಡ್ ಪುಟವೂ ತೆವಳಿದರೆ ಸೆಟ್ಟಿಂಗ್, ಕ್ಯೂ (ಪ್ರಿಂಟಿಗೆ ಕಾದಿರುವ ಫೈಲುಗಳ ಸಾಲು) ಅಥವಾ ಸಂಪರ್ಕ ನೋಡಬೇಕು.

ಮೂರು: ವೈಫೈಯಲ್ಲಿ ಪ್ರಿಂಟ್ ಮಾಡುವವರು ಅದೇ ಫೈಲನ್ನು ಒಮ್ಮೆ ಯುಎಸ್‌ಬಿ ವೈರಿನಲ್ಲಿ ಕಳಿಸಿ. ವೈರಿನಲ್ಲಿ 20 ಸೆಕೆಂಡ್, ವೈಫೈಯಲ್ಲಿ 2 ನಿಮಿಷ ಅಂದರೆ ಇನ್ನೇನೂ ಹುಡುಕಬೇಕಿಲ್ಲ.

ಪರೀಕ್ಷೆ ಮಾಡುವಾಗ ಇಂಕ್‌ಜೆಟ್ ಪ್ರಿಂಟರಿನ ಹೆಡ್, ಅಂದರೆ ಶಾಯಿ ಚಿಮ್ಮಿಸುವ ಭಾಗ, ಓಡಾಡುವುದನ್ನು ಕಣ್ಣಿಟ್ಟು ನೋಡಿ. ಅದು ಬಹಳ ವಿಷಯ ಹೇಳುತ್ತದೆ. ಹೆಡ್ ಎಡಕ್ಕೂ ಬಲಕ್ಕೂ ಒಂದೇ ಸಮ ಓಡುತ್ತಾ ಇದ್ದಕ್ಕಿದ್ದಂತೆ ಪುಟದ ನಡುವೆ ತನ್ನ ಮೂಲೆಗೆ ಹೋಗಿ ನಿಂತು, ನಾಲ್ಕೈದು ಸೆಕೆಂಡ್ ಬಿಟ್ಟು ಮತ್ತೆ ಹೊರಟರೆ ಅದಕ್ಕೆ ಮುಂದಿನ ಸಾಲಿನ ಡೇಟಾ ಬಂದಿಲ್ಲ ಎಂದರ್ಥ. ನಿಂತ ಜಾಗದಲ್ಲಿ ಬಣ್ಣದ ಒಂದು ಸಣ್ಣ ಅಡ್ಡಪಟ್ಟಿಯೂ ಕಾಣಬಹುದು, ಏಕೆಂದರೆ ಮೇಲಿನ ಸಾಲು ಆರಿದ ಮೇಲೆ ಕೆಳಗಿನ ಸಾಲು ಬಿದ್ದಿರುತ್ತದೆ. ಇದು ಕಂಪ್ಯೂಟರ್ ಅಥವಾ ಸಂಪರ್ಕದ ದೋಷ. ಹೆಡ್ ಎಲ್ಲೂ ನಿಲ್ಲದೆ, ಆದರೆ ಒಂದು ದಿಕ್ಕಿಗೆ ಹೋಗುವಾಗ ಮಾತ್ರ ಶಾಯಿ ಹಾಕಿ, ಬರುವಾಗ ಬರಿಗೈಯಲ್ಲಿ ಬರುತ್ತಿದ್ದರೆ ಅದು ಸೆಟ್ಟಿಂಗ್ ದೋಷ.

ಲೇಸರ್ ಪ್ರಿಂಟರಿನಲ್ಲಿ ಹೀಗೆ ನಡುವೆ ನಿಲ್ಲುವ ಮಾತೇ ಇಲ್ಲ. ಕಾಗದ ಒಳಗೆ ಹೋಯಿತೆಂದರೆ ಆಚೆ ಬಂದೇ ಬರಬೇಕು. ಅಲ್ಲಿ ತಡವೆಲ್ಲ ಕಾಗದ ಎಳೆದುಕೊಳ್ಳುವ ಮುಂಚೆ ಆಗುತ್ತದೆ. ಹಸಿರು ದೀಪ ಮಿಣುಕುತ್ತಲೇ ಇದ್ದರೆ ಅದು ಡೇಟಾ ಪಡೆಯುತ್ತಿದೆ, ಇಲ್ಲವೇ ಬಿಸಿಯಾಗುತ್ತಿದೆ.

ಡಬ್ಬದ ಮೇಲಿನ ಲೆಕ್ಕ ಬೇರೆ

ರಿಪೇರಿಗೆ ಇಳಿಯುವ ಮುಂಚೆ ನಿಮ್ಮ ಪ್ರಿಂಟರಿನ ನಿಜವಾದ ವೇಗ ಎಷ್ಟು ಎಂದು ಗೊತ್ತಿರಲಿ. ಮನೆಗಳಲ್ಲಿ ಬಹಳವಾಗಿ ಕಾಣುವ ಎಪ್ಸನ್ ಎಲ್3110 ಇಂಕ್ ಟ್ಯಾಂಕ್ ತೆಗೆದುಕೊಳ್ಳಿ. ಜಾಹೀರಾತಿನಲ್ಲಿ ನಿಮಿಷಕ್ಕೆ 33 ಪುಟ ಎಂದಿರುತ್ತದೆ. ಅದು ಡ್ರಾಫ್ಟ್ ಗುಣಮಟ್ಟದಲ್ಲಿ, ಕಪ್ಪಿನಲ್ಲಿ. ಐಎಸ್‌ಒ ಮಾನದಂಡದ ಪ್ರಕಾರ ಅಳೆದ ವೇಗ ಕಪ್ಪಿಗೆ ನಿಮಿಷಕ್ಕೆ 10 ಪುಟ, ಬಣ್ಣಕ್ಕೆ 5. ಅಂದರೆ ಬಣ್ಣದ ಒಂದು ಪುಟಕ್ಕೆ 12 ಸೆಕೆಂಡ್ ಸಹಜವೇ. ಪೂರ್ತಿ ಹಾಳೆ ತುಂಬಿದ ಫೋಟೋಗೆ ಒಂದೆರಡು ನಿಮಿಷ ಹಿಡಿದರೂ ಅದು ರೋಗವಲ್ಲ. ಮೊದಲ ಪುಟಕ್ಕೆ ಯಾವಾಗಲೂ ಹೆಚ್ಚು ಹೊತ್ತು ಬೇಕು. ಹೆಡ್ ಎಚ್ಚರಗೊಂಡು ತನ್ನನ್ನು ತಾನು ಸರಿಮಾಡಿಕೊಳ್ಳಬೇಕಲ್ಲ.

ಹಾಗಾಗಿ ಹತ್ತು ಪುಟದ ಒಂದು ಅಕ್ಷರದ ಫೈಲ್ ಕೊಟ್ಟು, ಎರಡನೆಯ ಪುಟದಿಂದ ಸಮಯ ಅಳೆಯಿರಿ. ಅದು ಕೈಪಿಡಿಯ ಐಎಸ್‌ಒ ಲೆಕ್ಕಕ್ಕೆ ಹತ್ತಿರವಿದ್ದರೆ ನಿಮ್ಮ ಪ್ರಿಂಟರಿಗೆ ಏನೂ ಆಗಿಲ್ಲ, ಅದರ ಯೋಗ್ಯತೆಯೇ ಅಷ್ಟು.

ಹೆಚ್ಚಿನ ಮನೆಗಳಲ್ಲಿ ಕಳ್ಳ ಸಿಗುವುದು ಇಲ್ಲಿ

ಸೆಟ್ಟಿಂಗ್ಸ್ ತೆರೆದು ಬ್ಲೂಟೂತ್ ಅಂಡ್ ಡಿವೈಸಸ್, ಅದರೊಳಗೆ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್, ನಿಮ್ಮ ಪ್ರಿಂಟರ್, ಆಮೇಲೆ ಪ್ರಿಂಟಿಂಗ್ ಪ್ರಿಫರೆನ್ಸಸ್. ವಿಂಡೋಸ್ 10ರಲ್ಲಿ ಬ್ಲೂಟೂತ್ ಬದಲು ಡಿವೈಸಸ್ ಅಂತಷ್ಟೇ ಇರುತ್ತದೆ. ವರ್ಡ್ ಅಥವಾ ಬ್ರೌಸರಿನ ಪ್ರಿಂಟ್ ಕಿಟಕಿಯಲ್ಲಿ ಮಾಡಿದ ಬದಲಾವಣೆ ಆ ಹೊತ್ತಿಗೆ ಮಾತ್ರ. ಇಲ್ಲಿ ಮಾಡಿದ್ದು ನಿಲ್ಲುತ್ತದೆ. ಯಾರೋ ಮಗುವಿನ ಪ್ರಾಜೆಕ್ಟಿಗೆ ಫೋಟೋ ತೆಗೆಯಲು ಇಲ್ಲಿ ಏನೋ ಬದಲಿಸಿ ಮರೆತಿರುತ್ತಾರೆ. ಅಂದಿನಿಂದ ಕರೆಂಟ್ ಬಿಲ್ ಕೂಡ ಫೋಟೋ ಗುಣಮಟ್ಟದಲ್ಲೇ ಬರುತ್ತಿರುತ್ತದೆ.

ಕ್ವಾಲಿಟಿ: ಅಕ್ಷರಕ್ಕೆ ಸ್ಟ್ಯಾಂಡರ್ಡ್ ಅಥವಾ ನಾರ್ಮಲ್ ಸಾಕು. ಓದಿ ಎಸೆಯುವ ಹಾಳೆಗೆ ಡ್ರಾಫ್ಟ್. ಹೈ ಅಥವಾ ಬೆಸ್ಟ್ ಇದ್ದರೆ ಕೆಳಗಿಳಿಸಿ. ಎ4 ಹಾಳೆಯೊಂದನ್ನು ಇಂಚಿಗೆ 600 ಚುಕ್ಕೆಯಂತೆ ಬಿಡಿಸಿದರೆ ಸುಮಾರು 3.5 ಕೋಟಿ ಚುಕ್ಕೆಗಳಾಗುತ್ತವೆ. 1200ಕ್ಕೆ ಏರಿಸಿದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು: ಸುಮಾರು 14 ಕೋಟಿ. ಬಣ್ಣದಲ್ಲಿ ಒಂದೊಂದು ಚುಕ್ಕೆಗೆ ಮೂರು ಬೈಟ್ ಹಿಡಿದರೆ ಕುಗ್ಗಿಸದ ಒಂದೇ ಪುಟ 400 ಎಂಬಿ ದಾಟುತ್ತದೆ. ಹಳೆಯ ಕಂಪ್ಯೂಟರ್ ಉಸಿರುಗಟ್ಟುವುದು ಇಲ್ಲೇ.

ಒಂದು ಎಚ್ಚರಿಕೆ. ಅಕ್ಷರದಲ್ಲಿ ಬಿಳಿ ಗೆರೆ ಬರುತ್ತಿದೆ ಎಂದು ಕೆಲವರು ಕ್ವಾಲಿಟಿ ಹೈಗೆ ಏರಿಸಿರುತ್ತಾರೆ. ಹೈನಲ್ಲಿ ಹೆಡ್ ಒಂದೇ ಜಾಗದ ಮೇಲೆ ಹಲವು ಸಲ ಹಾಯುವುದರಿಂದ ಗೆರೆ ಮುಚ್ಚಿಹೋಗುತ್ತದೆ, ನಿಜ. ಆದರೆ ಅದು ಕಟ್ಟಿಕೊಂಡ ನಾಜಲ್‌ಗೆ (ಶಾಯಿ ಚಿಮ್ಮುವ ಸಣ್ಣ ತೂತಿಗೆ) ಬಟ್ಟೆ ಮುಚ್ಚಿದಂತೆ. ಮೇಂಟೆನೆನ್ಸ್ ಟ್ಯಾಬಿನಲ್ಲಿ ನಾಜಲ್ ಚೆಕ್ ಪ್ರಿಂಟ್ ತೆಗೆಯಿರಿ. ಗೆರೆಗಳು ತುಂಡಾಗಿದ್ದರೆ ಒಮ್ಮೆ ಹೆಡ್ ಕ್ಲೀನಿಂಗ್, ಮತ್ತೆ ಚೆಕ್. ಎರಡು ಮೂರು ಸಲಕ್ಕೂ ಸರಿಹೋಗದಿದ್ದರೆ ಕೆಲವು ಗಂಟೆ ಬಿಟ್ಟು ಮತ್ತೆ ನೋಡಿ. ಒಂದೇ ಸಮ ಕ್ಲೀನಿಂಗ್ ಒತ್ತುತ್ತಾ ಕೂತರೆ ಶಾಯಿ ಹೋಗುತ್ತದೆ, ಆ ಶಾಯಿಯನ್ನು ಹೀರುವ ವೇಸ್ಟ್ ಪ್ಯಾಡ್ ಬೇಗ ತುಂಬುತ್ತದೆ. ನಾಜಲ್ ಸರಿಹೋದ ಮೇಲೆ ಕ್ವಾಲಿಟಿಯನ್ನು ಸ್ಟ್ಯಾಂಡರ್ಡ್‌ಗೆ ಇಳಿಸಲು ಮರೆಯಬೇಡಿ.

ಪೇಪರ್ ಟೈಪ್: ಪ್ಲೇನ್ ಪೇಪರ್ ಇರಲಿ. ಗ್ಲಾಸಿ ಅಥವಾ ಮ್ಯಾಟ್ ಎಂದಿದ್ದರೆ ಡ್ರೈವರ್ ತಾನೇ ಸೂಕ್ಷ್ಮ ಚುಕ್ಕೆಗೆ, ನಿಧಾನ ಓಟಕ್ಕೆ ಇಳಿಯುತ್ತದೆ. ಲೇಸರಿನಲ್ಲೂ ಹಾಗೇ. ಅಲ್ಲಿ ಥಿಕ್, ಕಾರ್ಡ್‌ಸ್ಟಾಕ್ ಅಥವಾ ಎನ್ವಲಪ್ ಎಂದು ಆರಿಸಿದರೆ ದಪ್ಪ ಕಾಗದಕ್ಕೆ ಶಾಖ ಹಿಡಿಯಲೆಂದು ಯಂತ್ರ ವೇಗ ತಗ್ಗಿಸುತ್ತದೆ. ನೀವು ಹಾಕಿರುವುದು 75 ಜಿಎಸ್‌ಎಂನ ಮಾಮೂಲಿ ಹಾಳೆ, ಅದು ತಿಳಿದುಕೊಂಡಿರುವುದು ಮದುವೆ ಕಾರ್ಡು.

ಪೇಪರ್ ಸೈಜ್: ಎ4 ಮತ್ತು ಲೆಟರ್ ಬೇರೆ ಬೇರೆ. ಅಮೆರಿಕದಲ್ಲಿ ತಯಾರಾದ ಫೈಲುಗಳು ಲೆಟರ್‌ನಲ್ಲಿ ಬರುತ್ತವೆ. ಕೆಲವು ಪ್ರಿಂಟರ್‌ಗಳು ಲೆಟರ್ ಹಾಳೆ ಹಾಕಿ ಎಂದು ಸುಮ್ಮನೆ ಕಾಯುತ್ತಾ ನಿಲ್ಲುತ್ತವೆ. ಪರದೆ ಇಲ್ಲದ ಪ್ರಿಂಟರಿನಲ್ಲಿ ಒಂದು ದೀಪ ಮಿಣುಕುವುದು ಬಿಟ್ಟರೆ ಬೇರೆ ಸುಳಿವಿಲ್ಲ. ನಾವು ಅದನ್ನು ನಿಧಾನ ಎಂದುಕೊಳ್ಳುತ್ತೇವೆ.

ಎರಡು ದಿಕ್ಕಿನ ಓಟ: ಎಪ್ಸನ್ ಡ್ರೈವರಿನಲ್ಲಿ ಮೋರ್ ಆಪ್ಷನ್ಸ್ ಟ್ಯಾಬಿನಲ್ಲಿ ಹೈ ಸ್ಪೀಡ್ ಅಥವಾ ಬೈಡೈರೆಕ್ಷನಲ್ ಪ್ರಿಂಟಿಂಗ್ ಎಂಬ ಟಿಕ್ ಇರುತ್ತದೆ. ಅದು ತೆಗೆದಿದ್ದರೆ ಹೆಡ್ ಒಂದೇ ದಿಕ್ಕಿನಲ್ಲಿ ಮುದ್ರಿಸುತ್ತದೆ, ಸಮಯ ಹೆಚ್ಚುಕಡಿಮೆ ಎರಡರಷ್ಟು. ನೆಟ್ಟಗಿನ ಗೆರೆಗಳು ಜೋಡಿಯಾಗಿ, ಮಸುಕಾಗಿ ಕಾಣುತ್ತವೆ ಎಂದು ಯಾರಾದರೂ ಆ ಟಿಕ್ ತೆಗೆದಿರಬಹುದು. ಆ ಜೋಡಿಗೆರೆಗೆ ಮದ್ದು ಮೇಂಟೆನೆನ್ಸ್ ಟ್ಯಾಬಿನ ಪ್ರಿಂಟ್ ಹೆಡ್ ಅಲೈನ್‌ಮೆಂಟ್. ಅದನ್ನು ಮಾಡಿ ಟಿಕ್ ಮತ್ತೆ ಹಾಕಿ. ಅಂದಹಾಗೆ, ಪ್ರಿಂಟರ್ ಪ್ರಾಪರ್ಟೀಸಿನ ಪೋರ್ಟ್ಸ್ ಟ್ಯಾಬಿನಲ್ಲೂ ಎನೇಬಲ್ ಬೈಡೈರೆಕ್ಷನಲ್ ಸಪೋರ್ಟ್ ಎಂದು ಒಂದಿದೆ. ಹೆಸರು ಒಂದೇ ಥರ, ಕೆಲಸ ಬೇರೆ. ಅದು ಪ್ರಿಂಟರ್ ಮತ್ತು ಕಂಪ್ಯೂಟರ್ ನಡುವಿನ ಮಾತುಕತೆಗೆ ಸಂಬಂಧಿಸಿದ್ದು. ಹೆಡ್ ಓಟಕ್ಕೂ ಅದಕ್ಕೂ ಸಂಬಂಧವಿಲ್ಲ.

ಕ್ವಯೆಟ್ ಮೋಡ್: ಸದ್ದು ಕಡಿಮೆ ಮಾಡುವುದೆಂದರೆ ಹೆಡ್ ಮತ್ತು ರೋಲರನ್ನು ನಿಧಾನ ಓಡಿಸುವುದು, ಇನ್ನೇನಲ್ಲ. ಎಪ್ಸನ್‌ನಲ್ಲಿ ಮುಖ್ಯ ಟ್ಯಾಬಿನಲ್ಲೇ, ಕ್ಯಾನನ್ ಪಿಕ್ಸ್ಮಾದಲ್ಲಿ ಮೇಂಟೆನೆನ್ಸ್ ಕೆಳಗೆ ಇರುತ್ತದೆ. ಆಫ್ ಮಾಡಿ. ಕೆಲವು ಮಾದರಿಗಳಲ್ಲಿ ಪ್ರಿಂಟರಿನ ಮೇಲಿನ ಬಟನ್ನಿನಿಂದಲೂ ಇದು ಆನ್ ಆಗುತ್ತದೆ.

ಗ್ರೇಸ್ಕೇಲ್: ಕಪ್ಪು ಅಕ್ಷರಕ್ಕೆ ಗ್ರೇಸ್ಕೇಲ್ ಹಾಕಿ. ಎಚ್‌ಪಿ ಡ್ರೈವರಿನಲ್ಲಿ ಎರಡು ಬಗೆ ಇರುತ್ತವೆ. ಬ್ಲ್ಯಾಕ್ ಇಂಕ್ ಓನ್ಲಿ ಆರಿಸಿ. ಹೈ ಕ್ವಾಲಿಟಿ ಗ್ರೇಸ್ಕೇಲ್ ಬೂದು ಛಾಯೆಗೆ ಬಣ್ಣದ ಶಾಯಿಯನ್ನೂ ಬೆರೆಸುತ್ತದೆ, ಹೊತ್ತೂ ಹೆಚ್ಚು ಖರ್ಚೂ ಹೆಚ್ಚು.

ಬಾರ್ಡರ್‌ಲೆಸ್ ಟಿಕ್ ಇದ್ದರೆ ತೆಗೆಯಿರಿ. ಆಟೋ ಡ್ಯೂಪ್ಲೆಕ್ಸ್ (ತಾನೇ ಎರಡೂ ಬದಿ ಮುದ್ರಿಸುವ ಸೌಲಭ್ಯ) ಇರುವ ಇಂಕ್‌ಜೆಟ್‌ಗಳು ಒಂದು ಬದಿ ಆರುವವರೆಗೆ ಹಾಳೆಯನ್ನು ಹಿಡಿದುಕೊಂಡು ನಿಲ್ಲುತ್ತವೆ. ಅದು ಸಹಜ, ಅವಸರವಿದ್ದರೆ ಒಂದೇ ಬದಿ ಕೊಡಿ. ಲೇಸರಿನ ಎಕಾನಮಿ ಮೋಡ್ ಟೋನರ್ ಉಳಿಸುತ್ತದೆಯೇ ಹೊರತು ವೇಗ ಹೆಚ್ಚಿಸುವುದಿಲ್ಲ.

ಕಂಪ್ಯೂಟರಿನ ಒಳಗೆ: ಕ್ಯೂ ಮತ್ತು ಸ್ಪೂಲರ್

ಪ್ರಿಂಟಿಗೆ ಕೊಟ್ಟ ಫೈಲುಗಳನ್ನು ಸಾಲಾಗಿ ಹಿಡಿದಿಟ್ಟು ಪ್ರಿಂಟರಿಗೆ ಕಳಿಸುವ ವಿಂಡೋಸ್ ಸೇವೆಯೇ ಸ್ಪೂಲರ್. ಪ್ರಿಂಟ್ ಕೊಟ್ಟ ತಕ್ಷಣ ಓಪನ್ ಪ್ರಿಂಟ್ ಕ್ಯೂ ತೆರೆದು ನೋಡುತ್ತಾ ಇರಿ. ಸ್ಟೇಟಸ್‌ನಲ್ಲಿ ಸ್ಪೂಲಿಂಗ್ ಎಂದು ತೋರಿಸಿ ಪಕ್ಕದ ಅಂಕಿ ಎಂಬಿಯಲ್ಲಿ ಏರುತ್ತಲೇ ಇದ್ದರೆ ಕಂಪ್ಯೂಟರ್ ಇನ್ನೂ ಪುಟ ಸಿದ್ಧ ಮಾಡುತ್ತಿದೆ. ಪ್ರಿಂಟಿಂಗ್ ಎಂದು ತೋರಿಸಿಯೂ ಪ್ರಿಂಟರ್ ಅಲುಗಾಡದಿದ್ದರೆ ಸಂಪರ್ಕದ ಕಡೆ ನೋಡಿ. ಹಳೆಯ ಜಾಬ್ (ಪ್ರಿಂಟಿಗೆ ಕೊಟ್ಟ ಕೆಲಸ) ಯಾವುದೋ ಎರರ್ ಅಥವಾ ಡಿಲೀಟಿಂಗ್ ಎಂದು ಮೇಲೆ ಕೂತಿದ್ದರೆ ಅದನ್ನು ತೆಗೆಯದೆ ಮುಂದಿನದಕ್ಕೆ ದಾರಿ ಸಿಗುವುದಿಲ್ಲ.

ಹಾಗೆ ಅಂಟಿ ಕೂತ ಜಾಬ್ ತೆಗೆಯುವ ಕ್ರಮ:

1. ಪ್ರಿಂಟರ್ ಆಫ್ ಮಾಡಿ, ಯುಎಸ್‌ಬಿ ವೈರ್ ಕಳಚಿ.
2. ಸ್ಟಾರ್ಟ್ ಒತ್ತಿ ಸರ್ವಿಸಸ್ ಎಂದು ಹುಡುಕಿ ತೆರೆಯಿರಿ. ಪಟ್ಟಿಯಲ್ಲಿ ಪ್ರಿಂಟ್ ಸ್ಪೂಲರ್ ಮೇಲೆ ಬಲ ಕ್ಲಿಕ್ ಮಾಡಿ ಸ್ಟಾಪ್ ಕೊಡಿ.
3. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಸ್ಪೂಲ್, ಕೊನೆಗೆ ಪ್ರಿಂಟರ್ಸ್ ಫೋಲ್ಡರಿಗೆ ಹೋಗಿ. ಅನುಮತಿ ಕೇಳಿದರೆ ಕಂಟಿನ್ಯೂ ಒತ್ತಿ. ಒಳಗಿರುವ ಫೈಲುಗಳನ್ನು ಅಳಿಸಿ. ಪ್ರಿಂಟರ್ಸ್ ಫೋಲ್ಡರನ್ನೇ ಅಳಿಸಬೇಡಿ.
4. ಸರ್ವಿಸಸ್‌ಗೆ ಮರಳಿ ಸ್ಪೂಲರನ್ನು ಸ್ಟಾರ್ಟ್ ಮಾಡಿ, ವೈರ್ ಹಾಕಿ, ಪ್ರಿಂಟರ್ ಆನ್ ಮಾಡಿ.

ಇದರಿಂದ ಆ ಕಂಪ್ಯೂಟರಿನ ಎಲ್ಲ ಪ್ರಿಂಟರುಗಳ ಬಾಕಿ ಜಾಬ್‌ಗಳೂ ಹೋಗುತ್ತವೆ. ಬೇಕಾದದ್ದನ್ನು ಮತ್ತೆ ಕೊಡಬೇಕು.

ಅಲ್ಲೇ ಹತ್ತಿರದಲ್ಲಿ ನೋಡಬೇಕಾದ ಇನ್ನೊಂದು ಜಾಗ ಪ್ರಿಂಟರ್ ಪ್ರಾಪರ್ಟೀಸಿನ ಅಡ್ವಾನ್ಸ್ಡ್ ಟ್ಯಾಬ್. ಸ್ಟಾರ್ಟ್ ಪ್ರಿಂಟಿಂಗ್ ಆಫ್ಟರ್ ಲಾಸ್ಟ್ ಪೇಜ್ ಈಸ್ ಸ್ಪೂಲ್ಡ್ ಎಂದಿದ್ದರೆ 200 ಪುಟದ ನೋಟ್ಸ್ ಕೊಟ್ಟಾಗ ಇನ್ನೂರನೆಯ ಪುಟ ಸಿದ್ಧವಾಗುವವರೆಗೆ ಮೊದಲ ಪುಟ ಹೊರಡುವುದಿಲ್ಲ. ಸ್ಟಾರ್ಟ್ ಪ್ರಿಂಟಿಂಗ್ ಇಮೀಡಿಯೆಟ್ಲಿ ಆರಿಸಿ. ಆದರೆ ಮೇಲೆ ಹೇಳಿದಂತೆ ಹೆಡ್ ಪುಟದ ನಡುವೆ ನಿಂತು ಪಟ್ಟಿ ಬೀಳುತ್ತಿದ್ದರೆ, ಕಂಪ್ಯೂಟರೂ ಹಳೆಯದಾದರೆ, ಉಲ್ಟಾ ಮಾಡುವುದೇ ಲೇಸು: ಎಲ್ಲ ಸಿದ್ಧವಾದ ಮೇಲೆ ಒಮ್ಮೆಲೇ ಹೊರಡಲಿ. ಪ್ರಿಂಟ್ ಡೈರೆಕ್ಟ್ಲಿ ಟು ದ ಪ್ರಿಂಟರ್ ಎಂಬುದನ್ನು ಮಾತ್ರ ಮುಟ್ಟಬೇಡಿ. ಪ್ರಿಂಟ್ ಮುಗಿಯುವವರೆಗೆ ವರ್ಡ್ ಕಟ್ಟಿ ಹಾಕಿದಂತೆ ಕೂರುತ್ತದೆ.

ಸಿ ಡ್ರೈವಿನಲ್ಲಿ ಜಾಗ ಎಷ್ಟಿದೆ ನೋಡಿ. ಸ್ಪೂಲ್ ಫೈಲುಗಳು ಅಲ್ಲೇ ಬರೆಯಲ್ಪಡುತ್ತವೆ. ಸ್ಕ್ಯಾನ್ ಮಾಡಿದ ದೊಡ್ಡ ಪಿಡಿಎಫ್ ಒಂದೆರಡು ಜಿಬಿಗೆ ಹಿಗ್ಗಿದರೆ ಆಶ್ಚರ್ಯವಿಲ್ಲ. ಡ್ರೈವ್ ಪಟ್ಟಿ ಕೆಂಪಾಗಿದ್ದರೆ ಮೊದಲು ಅದನ್ನು ಬಿಡಿಸಿ.

ಪ್ರಿಂಟ್ ಕಿಟಕಿ ತೆರೆಯುವುದಕ್ಕೇ ಅರ್ಧ ನಿಮಿಷ ಹಿಡಿಯುತ್ತದೆಯೇ? ಹಾಗಾದರೆ ಡೀಫಾಲ್ಟ್ ಪ್ರಿಂಟರ್ (ನೀವು ಬೇರೆ ಆರಿಸದಿದ್ದರೆ ಬಳಕೆಯಾಗುವುದು) ಯಾವುದಿದೆ ನೋಡಿ. ವರ್ಡ್ ಮತ್ತು ಎಕ್ಸೆಲ್ ಪುಟದ ಅಳತೆಗಾಗಿ ಡೀಫಾಲ್ಟ್ ಪ್ರಿಂಟರನ್ನು ವಿಚಾರಿಸುತ್ತವೆ. ಅದು ಆಫೀಸಿನ ನೆಟ್‌ವರ್ಕ್ ಪ್ರಿಂಟರ್ ಆಗಿದ್ದು, ನೀವು ಲ್ಯಾಪ್‌ಟಾಪ್ ಮನೆಗೆ ತಂದಿದ್ದರೆ, ಇಲ್ಲದ ಪ್ರಿಂಟರ್ ಉತ್ತರಿಸುವವರೆಗೆ ಕಾಯುತ್ತವೆ. ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್ ಪುಟದಲ್ಲಿ ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್ ಆಫ್ ಮಾಡಿ, ಮನೆಯ ಪ್ರಿಂಟರಿಗೆ ಸೆಟ್ ಆಸ್ ಡೀಫಾಲ್ಟ್ ಕೊಡಿ. ಬಳಸದ ಹಳೆಯ ಹೆಸರುಗಳನ್ನು ತೆಗೆದುಹಾಕಿ. ಒಂದೇ ಪ್ರಿಂಟರ್ ಎರಡು ಸಲ, ಒಂದರ ಮುಂದೆ ಕಾಪಿ 1 ಎಂದು ಕಂಡರೆ ವೈರನ್ನು ಯಾವಾಗಲೋ ಬೇರೆ ಯುಎಸ್‌ಬಿ ಕಿಂಡಿಗೆ ಬದಲಿಸಿದ್ದೀರಿ ಎಂದರ್ಥ. ಅದರಲ್ಲಿ ಒಂದು ಸತ್ತ ಹೆಸರು. ಅದಕ್ಕೆ ಕೊಟ್ಟ ಪ್ರಿಂಟ್ ಅಲ್ಲೇ ಕೊಳೆಯುತ್ತದೆ.

ಫೈಲೇ ಭಾರವಾದಾಗ

ನೋಟ್‌ಪ್ಯಾಡ್ ಸರಾಗ, ಪಿಡಿಎಫ್ ಮಾತ್ರ ಕಷ್ಟ ಅನ್ನುವವರಿಗೆ ಇದು. ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ಹಾಗೆಹಾಗೇ ವರ್ಡಿಗೆ ಸುರಿದು ಬೆರಳುಗುರುತಿನಷ್ಟು ಚಿಕ್ಕದು ಮಾಡಿದರೂ ಒಳಗೆ ಪೂರ್ತಿ ಚಿತ್ರವೇ ಇರುತ್ತದೆ. ಚಿತ್ರದ ಮೇಲೆ ಕ್ಲಿಕ್ ಮಾಡಿ ಪಿಕ್ಚರ್ ಫಾರ್ಮ್ಯಾಟ್, ಕಂಪ್ರೆಸ್ ಪಿಕ್ಚರ್ಸ್ ತೆರೆಯಿರಿ. ಅಪ್ಲೈ ಓನ್ಲಿ ಟು ದಿಸ್ ಪಿಕ್ಚರ್ ಎಂಬ ಟಿಕ್ ತೆಗೆದು 220 ಅಥವಾ 150 ಪಿಪಿಐ ಆರಿಸಿ. ಮನೆಯ ಹಾಳೆಗೆ 220 ಧಾರಾಳ.

ಅಡೋಬಿ ರೀಡರಿನಲ್ಲಿ ಒಂದು ಪುಟ ಲೆಕ್ಕವಿಲ್ಲದಷ್ಟು ಹೊತ್ತು ತಿನ್ನುತ್ತಿದ್ದರೆ ಪ್ರಿಂಟ್ ಕಿಟಕಿಯಲ್ಲಿ ಅಡ್ವಾನ್ಸ್ಡ್ ಒತ್ತಿ ಪ್ರಿಂಟ್ ಆಸ್ ಇಮೇಜ್ ಟಿಕ್ ಮಾಡಿ, 300 ಡಿಪಿಐ ಕೊಡಿ. ಪಾರದರ್ಶಕ ಪದರ, ನೀರಚ್ಚು, ಸಾವಿರಾರು ಸಣ್ಣ ಗೆರೆಗಳ ನಕ್ಷೆ ಇವನ್ನೆಲ್ಲ ಒಂದೊಂದಾಗಿ ಬಿಡಿಸುವ ಬದಲು ಪುಟವನ್ನು ಒಂದು ಚಿತ್ರವಾಗಿ ಕಳಿಸಿಬಿಡುತ್ತದೆ. ಕನ್ನಡ ಪಿಡಿಎಫ್‌ನಲ್ಲಿ ಪರದೆಯ ಮೇಲೆ ಸರಿಯಿದ್ದು ಕಾಗದದ ಮೇಲೆ ಒತ್ತಕ್ಷರ ಚದುರಿ ಬರುವ ಕಾಟಕ್ಕೂ ಇದೇ ಉಪಾಯ. ಆದರೆ ಇದನ್ನು ಯಾವಾಗಲೂ ಇಟ್ಟುಕೊಳ್ಳಬೇಡಿ. ಬರಿ ಅಕ್ಷರದ ಹಗುರ ಫೈಲನ್ನು ಚಿತ್ರ ಮಾಡಿದರೆ ಅದೇ ಭಾರವಾಗುತ್ತದೆ.

ಹೆಚ್ಚು ಪ್ರತಿ ತೆಗೆಯುವಾಗ ಕೊಲೇಟ್ ಟಿಕ್ ಗಮನಿಸಿ. ಐದು ಪುಟದ ಪ್ರಶ್ನೆಪತ್ರಿಕೆ ಇಪ್ಪತ್ತು ಪ್ರತಿ. ಕೊಲೇಟ್ ಇದ್ದರೆ ಒಂದರಿಂದ ಐದು, ಮತ್ತೆ ಒಂದರಿಂದ ಐದು ಎಂದು ಪ್ರತಿ ಸಲವೂ ಪುಟ ಹೊಸದಾಗಿ ಸಾಗಬೇಕು. ಚಿಕ್ಕ ಪ್ರಿಂಟರಿಗೆ ಐದೂ ಪುಟ ನೆನಪಿಟ್ಟುಕೊಳ್ಳುವ ಮೆಮೊರಿ ಇರುವುದಿಲ್ಲ. ಕ್ಯಾನನ್ ಎಲ್‌ಬಿಪಿ 2900ರಂಥ ಹಳೆಯ ಗಟ್ಟಿ ಲೇಸರಿನಲ್ಲಿ ಇರುವುದು 2 ಎಂಬಿ ಮಾತ್ರ, ಎ4 ಪುಟದ ಕಪ್ಪು-ಬಿಳಿ ಚುಕ್ಕೆಗಳೇ 600 ಡಿಪಿಐಗೆ 4 ಎಂಬಿ ಮೀರುತ್ತವೆ. ಅದಕ್ಕೇ ಲೆಕ್ಕವೆಲ್ಲ ಕಂಪ್ಯೂಟರ್ ತಲೆಗೆ. ಕೊಲೇಟ್ ತೆಗೆದು ಮೊದಲ ಪುಟ ಇಪ್ಪತ್ತು, ಎರಡನೆಯದು ಇಪ್ಪತ್ತು ತೆಗೆದುಕೊಂಡು ಕೈಯಲ್ಲಿ ಜೋಡಿಸಿ.

ದಾರಿ: ವೈರ್ ಮತ್ತು ವೈಫೈ

ವೈರ್ ವಿಷಯ ಬೇಗ ಮುಗಿಯುತ್ತದೆ. ಹಬ್ ಬಿಟ್ಟು ಕಂಪ್ಯೂಟರಿಗೇ ನೇರ ಹಾಕಿ. ಡೆಸ್ಕ್‌ಟಾಪಿನಲ್ಲಿ ಮುಂಭಾಗದ ಕಿಂಡಿ ಬಿಟ್ಟು ಹಿಂಭಾಗದ ಮದರ್‌ಬೋರ್ಡ್ ಕಿಂಡಿಗೆ. ಯುಎಸ್‌ಬಿ 2.0 ವೈರಿನ ಉದ್ದದ ಮಿತಿ 5 ಮೀಟರ್, ಮನೆಗೆ 1.5 ಮೀಟರಿನದು ಸಾಕು. ಕೆಟ್ಟ ವೈರಿನಲ್ಲಿ ಸಂಪರ್ಕ ಸೆಕೆಂಡಿಗೆ 480 ಮೆಗಾಬಿಟ್ ಬದಲು ಹಳೆಯ 12 ಮೆಗಾಬಿಟ್ ವೇಗಕ್ಕೆ ಜಾರಬಹುದು. ಆಗ 30 ಎಂಬಿಯ ಒಂದು ಪುಟ ದಾಟಲು ಕನಿಷ್ಠ 20 ಸೆಕೆಂಡ್ ಬೇಕು. ಬೇರೆ ವೈರ್ ಹಾಕಿ ನೋಡುವುದೇ ಪರೀಕ್ಷೆ.

ವೈಫೈ ಹಾಗಲ್ಲ. ಮನೆಬಳಕೆಯ ಪ್ರಿಂಟರುಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ಬ್ಯಾಂಡನ್ನಷ್ಟೇ ಹಿಡಿಯುತ್ತವೆ. ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಅಡುಗೆಮನೆಯ ಮೈಕ್ರೋವೇವ್ ಎಲ್ಲವೂ ಅದೇ ಬ್ಯಾಂಡಿನಲ್ಲಿ ಕಿತ್ತಾಡುತ್ತವೆ. ಪ್ರಿಂಟರನ್ನು ಕಬ್ಬಿಣದ ಬೀರು ಪಕ್ಕದ ಮೂಲೆಗೆ ತಳ್ಳಿದ್ದರೆ ಇನ್ನೂ ಕಷ್ಟ. ಲ್ಯಾಪ್‌ಟಾಪ್ 5 ಗಿಗಾಹರ್ಟ್ಸ್‌ನಲ್ಲಿದ್ದು ಪ್ರಿಂಟರ್ 2.4ರಲ್ಲಿದ್ದರೆ ಪರವಾಗಿಲ್ಲ, ಎರಡೂ ಒಂದೇ ರೌಟರಿನ ಒಂದೇ ನೆಟ್‌ವರ್ಕಿನಲ್ಲಿದ್ದರೆ ಸಾಕು. ಗೆಸ್ಟ್ ನೆಟ್‌ವರ್ಕಿನಲ್ಲಿ ಒಂದಕ್ಕೊಂದು ಕಾಣುವುದೇ ಇಲ್ಲ.

ಪ್ರಿಂಟರಿನಿಂದ ನೆಟ್‌ವರ್ಕ್ ಸ್ಟೇಟಸ್ ಶೀಟ್ ತೆಗೆಯಿರಿ. ಅದರಲ್ಲಿ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಪ್ರಿಂಟರಿನ ಗುರುತಿನ ಅಂಕಿ) ಇರುತ್ತದೆ. ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಎಂದು ಇಂಗ್ಲಿಷಿನಲ್ಲಿ ಬರೆದು, ಒಂದು ಸ್ಪೇಸ್ ಬಿಟ್ಟು, ಆ ಐಪಿ ವಿಳಾಸ ಬರೆದು ಎಂಟರ್ ಒತ್ತಿ. ನಾಲ್ಕು ಉತ್ತರ ಬರುತ್ತವೆ. ಹತ್ತು ಮಿಲಿಸೆಕೆಂಡಿನ ಆಚೀಚೆ ಇದ್ದರೆ ಚೆನ್ನ. ನೂರು ಇನ್ನೂರು ಎಂದು ಹಾರುತ್ತಿದ್ದರೆ, ನಡುವೆ ರಿಕ್ವೆಸ್ಟ್ ಟೈಮ್ಡ್ ಔಟ್ ಬಂದರೆ ಸಿಗ್ನಲ್ ಸೋತಿದೆ. ಪ್ರಿಂಟರನ್ನು ರೌಟರ್ ಇರುವ ಕೋಣೆಗೇ ತಂದು ಮತ್ತೆ ಅಳೆಯಿರಿ. ನಿದ್ದೆಯಲ್ಲಿರುವ ಪ್ರಿಂಟರ್ ಮೊದಲ ಉತ್ತರ ತಡವಾಗಿ ಕೊಟ್ಟರೆ ಅದನ್ನು ಬಿಟ್ಟು ಲೆಕ್ಕ ಹಾಕಿ.

ಪಿಂಗ್ ಚೆನ್ನಾಗಿದ್ದೂ ಪ್ರತಿ ಪ್ರಿಂಟಿಗೂ ಮುಂಚೆ ಅರ್ಧ ನಿಮಿಷ ಸುಮ್ಮನೆ ಕೂರುತ್ತದೆ, ಆಗಾಗ ಆಫ್‌ಲೈನ್ ತೋರಿಸುತ್ತದೆ ಅನ್ನುವುದಾದರೆ ಪೋರ್ಟ್ ನೋಡಿ. ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್ ಟ್ಯಾಬ್. ಟಿಕ್ ಇರುವ ಸಾಲು ಡಬ್ಲ್ಯುಎಸ್‌ಡಿ ಎಂದಿದ್ದರೆ ವಿಂಡೋಸ್ ಪ್ರತಿ ಸಲ ಪ್ರಿಂಟರನ್ನು ಮನೆಯೆಲ್ಲ ಹುಡುಕಿಕೊಂಡು ಹೋಗುತ್ತಿದೆ. ಆ್ಯಡ್ ಪೋರ್ಟ್ ಒತ್ತಿ, ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಆರಿಸಿ, ಐಪಿ ವಿಳಾಸ ಕೊಟ್ಟು ಹೊಸ ಪೋರ್ಟ್ ಮಾಡಿ. ಆಮೇಲೆ ಕಾನ್ಫಿಗರ್ ಪೋರ್ಟ್‌ನಲ್ಲಿ ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್ (ಪ್ರಿಂಟರಿನ ಸ್ಥಿತಿಯನ್ನು ನೆಟ್‌ವರ್ಕಿನಲ್ಲಿ ವಿಚಾರಿಸುವ ವ್ಯವಸ್ಥೆ) ಟಿಕ್ ತೆಗೆಯಿರಿ. ರೌಟರಿನ ಡಿಎಚ್‌ಸಿಪಿ ರಿಸರ್ವೇಷನ್‌ನಲ್ಲಿ ಪ್ರಿಂಟರಿಗೆ ಅದೇ ವಿಳಾಸ ಕಾಯಂ ಮಾಡಿ. ಇದನ್ನು ಮರೆತರೆ ಕರೆಂಟ್ ಹೋಗಿ ಬಂದ ಮೇಲೆ ಪ್ರಿಂಟರಿಗೆ ಬೇರೆ ವಿಳಾಸ ಸಿಕ್ಕಿ ಮಾಡಿದ ಕೆಲಸವೆಲ್ಲ ಹಾಳು.

ಪ್ರಿಂಟರಿನ ಒಡಲು

ಇಂಕ್‌ಜೆಟ್ ಮೊದಲ ಐವತ್ತು ಪುಟ ಚೆನ್ನಾಗಿ ಹಾಕಿ ಆಮೇಲೆ ತೀರಾ ನಿಧಾನವಾಯಿತೇ? ಅದು ಕೆಟ್ಟಿಲ್ಲ. ಹೆಡ್ ಮತ್ತು ಮೋಟಾರ್ ಬಿಸಿಯಾಗಿವೆ, ತಾವೇ ವೇಗ ಇಳಿಸಿಕೊಂಡಿವೆ. ಜಾಬ್ ನಿಲ್ಲಿಸಿ, ಪವರ್ ಆನ್ ಇಟ್ಟೇ ಅರ್ಧ ಗಂಟೆ ಬಿಡಿ. ಆಫ್ ಮಾಡಿ ಆನ್ ಮಾಡಿದರೆ ವೇಗ ಮರಳುವುದಿಲ್ಲ.

ಗೋಡೆಯ ಸ್ವಿಚ್ಚಿನಲ್ಲಿ ಆಫ್ ಮಾಡುವ ರೂಢಿ ನಮ್ಮ ಮನೆಗಳಲ್ಲಿ ಬಹಳ. ಇಂಕ್‌ಜೆಟ್‌ಗೆ ಅದು ಕೆಡುಕು. ಪ್ರಿಂಟರಿನ ಸ್ವಂತ ಬಟನ್ ಒತ್ತಿದಾಗ ಹೆಡ್ ಬಲ ಮೂಲೆಗೆ ಹೋಗಿ ರಬ್ಬರ್ ಟೊಪ್ಪಿಯ ಮೇಲೆ ಕೂರುತ್ತದೆ, ಶಾಯಿ ಒಣಗುವುದಿಲ್ಲ. ಗೋಡೆಯಲ್ಲಿ ದಿಢೀರ್ ಆಫ್ ಮಾಡಿದರೆ ಹೆಡ್ ಎಲ್ಲಿತ್ತೋ ಅಲ್ಲೇ ತೆರೆದುಕೊಂಡು ಉಳಿಯಬಹುದು. ಮಾರನೆಯ ದಿನ ಮೊದಲ ಪುಟಕ್ಕೆ ಮುಂಚೆ ಗುರ್ ಗುರ್ ಎಂದು ಒಂದೆರಡು ನಿಮಿಷ ತನ್ನನ್ನು ತೊಳೆದುಕೊಳ್ಳುತ್ತಾ ಕೂರುವುದು ಇದಕ್ಕೇ. ಮೊದಲು ಬಟನ್, ದೀಪ ಪೂರ್ತಿ ಆರಿದ ಮೇಲೆ ಗೋಡೆಯ ಸ್ವಿಚ್.

ಕಾಗದ ಎಳೆಯಲು ಎರಡು ಮೂರು ಸಲ ತಿಣುಕುತ್ತಿದ್ದರೆ ಪಿಕಪ್ ರೋಲರಿನ ಮೇಲೆ ಕಾಗದದ ಧೂಳು ಕೂತಿದೆ. ಪ್ಲಗ್ ಕಿತ್ತು, ನೂಲು ಬಿಡದ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ರೋಲರನ್ನು ಬೆರಳಿನಿಂದ ತಿರುಗಿಸುತ್ತಾ ಒರೆಸಿ. ಪೆಟ್ರೋಲ್, ಥಿನ್ನರ್ ಬೇಡ, ರಬ್ಬರ್ ಗಟ್ಟಿಯಾಗುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಹಾಳೆಗಳು ತೇವ ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಂಡಲನ್ನು ಅದರದೇ ಹೊದಿಕೆಯಲ್ಲಿ ಮುಚ್ಚಿಟ್ಟು, ಬೇಕಾದಷ್ಟನ್ನೇ ತೆಗೆದು, ಟ್ರೇಗೆ ಹಾಕುವ ಮುಂಚೆ ಇಸ್ಪೀಟಿನ ಎಲೆಯಂತೆ ಒಮ್ಮೆ ಬೀಸಿ.

ಲೇಸರ್ ಪ್ರಿಂಟರಿನ ಕಥೆ ಶಾಖದ್ದು. ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ 200 ಡಿಗ್ರಿಯ ಆಸುಪಾಸಿಗೆ ಏರದೆ ಕಾಗದ ಹೊರಡುವುದಿಲ್ಲ. ಹೀಟರಿಗೆ ಸಿಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಲೆಕ್ಕಕ್ಕೆ) ತಕ್ಕಂತೆ ಇಳಿಯುತ್ತದೆ. 230 ವೋಲ್ಟ್ ಇರಬೇಕಾದ ಕಡೆ 180 ಇದ್ದರೆ ಶಾಖ ಸುಮಾರು 61 ಶೇಕಡಾ ಮಾತ್ರ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಟ್ಟ ಹೊತ್ತಿನಲ್ಲಿ ಮನೆಯ ದೀಪ ಮಂಕಾಗುವ ಊರುಗಳಲ್ಲಿ ಲೇಸರ್ ಪ್ರಿಂಟರ್ ಸಂಜೆ ನಿಧಾನ, ರಾತ್ರಿ ಹತ್ತಕ್ಕೆ ಸರಿ. ಪ್ರಿಂಟರಿನ ವಾಟ್‌ಗೆ ತಕ್ಕ ಸ್ಟೆಬಿಲೈಸರ್ ಹಾಕಿ. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಮಾತ್ರ ಲೇಸರ್ ಜೋಡಿಸಬೇಡಿ. ಫ್ಯೂಸರ್ ಒಮ್ಮೆಲೇ ಎಳೆಯುವ ಹೊರೆಗೆ ಯುಪಿಎಸ್ ಕೂಗಿ ಕಂಪ್ಯೂಟರನ್ನೂ ಆರಿಸುತ್ತದೆ.

ಎ5, ಲಕೋಟೆಗಳಂಥ ಅಗಲ ಕಡಿಮೆಯ ಕಾಗದಕ್ಕೆ ಲೇಸರ್ ಬೇಕೆಂದೇ ನಿಧಾನಿಸುತ್ತದೆ. ಕಾಗದ ಹಾಯದ ತುದಿಗಳಲ್ಲಿ ಫ್ಯೂಸರಿನ ಶಾಖವನ್ನು ಒಯ್ಯುವವರಿಲ್ಲ, ಅದು ತಣಿಯಲು ಸಮಯ ಕೊಡಬೇಕು. ಹೆಚ್ಚು ಇದ್ದರೆ ಎ4ರಲ್ಲಿ ಎರಡೆರಡು ಹಾಕಿ ಕತ್ತರಿಸಿಕೊಳ್ಳಿ.

ಈಗ ಡ್ರೈವರ್

ಇಷ್ಟಾದರೂ ಸರಿಹೋಗದಿದ್ದರೆ, ಅಥವಾ ಮೇಲೆ ಹೇಳಿದ ಹೈ ಸ್ಪೀಡ್, ಕ್ವಯೆಟ್ ಮೋಡ್ ಆಯ್ಕೆಗಳೇ ನಿಮ್ಮಲ್ಲಿ ಕಾಣದಿದ್ದರೆ ಡ್ರೈವರ್ ನೋಡಿ. ಅಡ್ವಾನ್ಸ್ಡ್ ಟ್ಯಾಬಿನಲ್ಲಿ ಡ್ರೈವರ್ ಹೆಸರು ಮೈಕ್ರೋಸಾಫ್ಟ್ ಐಪಿಪಿ ಕ್ಲಾಸ್ ಡ್ರೈವರ್ ಎಂದಿದ್ದರೆ ಅದು ವಿಂಡೋಸ್ ತಾನೇ ಹಾಕಿಕೊಂಡ ಸಾಮಾನ್ಯ ಡ್ರೈವರ್. ಪ್ರಿಂಟ್ ಬರುತ್ತದೆ, ಆದರೆ ಕಂಪನಿಯ ವಿಶೇಷ ಸೆಟ್ಟಿಂಗ್‌ಗಳು ಇರುವುದಿಲ್ಲ. ಕಂಪನಿಗಳ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲೇ ಹೇಳಿದೆ. ಹಾಗಾಗಿ ಪ್ರಿಂಟರ್ ಕಂಪನಿಯ ತಾಣದಿಂದ ನಿಮ್ಮ ಮಾದರಿಯ ಪೂರ್ಣ ಡ್ರೈವರ್ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು.

ಹಳೆಯದನ್ನು ತೆಗೆಯುವಾಗ ಬರಿ ರಿಮೂವ್ ಒತ್ತಿದರೆ ಪ್ರಿಂಟರ್ ಹೆಸರು ಹೋಗುತ್ತದೆ, ಡ್ರೈವರ್ ಒಳಗೇ ಉಳಿದು ಮತ್ತೆ ಬಂದು ಕೂರುತ್ತದೆ. ರಿಮೂವ್ ಮಾಡಿದ ಮೇಲೆ ಅದೇ ಪುಟದ ಕೆಳಗಿರುವ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ತೆರೆದು, ಡ್ರೈವರ್ಸ್ ಟ್ಯಾಬಿನಲ್ಲಿ ಹೆಸರು ಆರಿಸಿ, ರಿಮೂವ್ ಡ್ರೈವರ್ ಅಂಡ್ ಡ್ರೈವರ್ ಪ್ಯಾಕೇಜ್ ಕೊಡಿ. ಬಳಕೆಯಲ್ಲಿದೆ ಎಂದು ತಕರಾರು ತೆಗೆದರೆ ಸ್ಪೂಲರನ್ನು ರೀಸ್ಟಾರ್ಟ್ ಮಾಡಿ ತಕ್ಷಣ ಮತ್ತೆ ಪ್ರಯತ್ನಿಸಿ. ಹೊಸ ಡ್ರೈವರ್ ಹಾಕುವಾಗ ಅದು ಕೇಳುವವರೆಗೆ ಯುಎಸ್‌ಬಿ ವೈರ್ ಜೋಡಿಸಬೇಡಿ; ಮೊದಲೇ ಜೋಡಿಸಿದರೆ ವಿಂಡೋಸ್ ಅವಸರದಲ್ಲಿ ತನ್ನ ಸಾಮಾನ್ಯ ಡ್ರೈವರನ್ನೇ ಮತ್ತೆ ತುರುಕುತ್ತದೆ.

ಡ್ರೈವರ್ ಹುಡುಕುವಾಗ ತಾಣದ ವಿಳಾಸ ಎರಡು ಸಲ ಓದಿ. ಕಂಪನಿಯ ಹೆಸರಿನಂತೆಯೇ ತೋರುವ ನಕಲಿ ಪುಟಗಳು ಡ್ರೈವರ್ ಇಳಿಯುತ್ತಿದೆ ಎಂದು ನಟಿಸಿ, ಕೊನೆಗೆ ಎರರ್ ತೋರಿಸಿ, ಒಂದು ಫೋನ್ ನಂಬರ್ ಕೊಡುತ್ತವೆ. ಕರೆ ಮಾಡಿದರೆ ನಿಮ್ಮ ಕಂಪ್ಯೂಟರನ್ನು ದೂರದಿಂದ ನೋಡಲು ಆ್ಯಪ್ ಹಾಕಿಸಿ ಹಣ ಕೇಳುತ್ತಾರೆ. ಪ್ರಿಂಟರ್ ಡ್ರೈವರಿಗೆ ಯಾವ ಕಂಪನಿಯೂ ಹಣ ಕೇಳುವುದಿಲ್ಲ. ಅಂಥ ಪುಟ ಕಂಡರೆ ಮುಚ್ಚಿ, ಪ್ರಿಂಟರಿನ ಡಬ್ಬದ ಮೇಲೋ ಕೈಪಿಡಿಯಲ್ಲೋ ಅಚ್ಚಾದ ವಿಳಾಸವನ್ನು ಕೈಯಲ್ಲೇ ಟೈಪ್ ಮಾಡಿ ಹೋಗಿ.